ಮೂರೂ ಹತ್ತಕ್ಕೆ ಇಳಿಯುವವಳು

ದಿಲಾವರನ ಬಾಡಿಗೆ ಗಾಡಿ ಹನ್ನೊಂದೂವರೆಗೆ ಬರುವುದೆಂದು ಗೊತ್ತಿದ್ದರೂ ಗುರುಸಂಗಪ್ಪ ಒಂಬತ್ತೂ ಮುಕ್ಕಾಲಿಗೇ ಬೂಟು ಹಾಕಿಕೊಂಡು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದ. ಬೂಟು ಮಗಳ ಮದುವೆಗೆಂದು ಕೊಂಡದ್ದು. ಆಮೇಲೆ ಹಾಕಿಯೇ ಇರಲಿಲ್ಲವಾದ್ದರಿಂದ ಎಡಗಾಲಿನ ಕಿರುಬೆರಳನ್ನು ಆಗಲೇ ಕಚ್ಚತೊಡಗಿತ್ತು. ಹೆಂಡತಿ ಎರಡು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಮೂರನೆಯ ಸಲ, "ವಿಮಾನ ಏನು ನಮ್ಮ ಓಣ್ಯಾಗ ಇಳೀತೈತೇನ್ರಿ? ಒಳಗ ಬಂದು ಎರಡು ರೊಟ್ಟಿ ತಿನ್ರಿ" ಎಂದಳು. ಅವನು ಕಟ್ಟೆಯಿಂದ ಕದಲಲಿಲ್ಲ. ಮೂವತ್ತು ವರ್ಷ ಸರಕಾರಿ ಮೇಜಿನ ಹಿಂದೆ ಕುಳಿತು ಎದುರಿಗೆ ನಿಂತವರಿಗೆ 'ನಾಳಿ ಬರ್ರಿ' ಎಂದ ಮನುಷ್ಯ ಅವನು. ಕಾಯಿಸುವುದು ಕರಗತವಾಗಿತ್ತು, ಕಾಯುವುದು ಬಂದಿರಲಿಲ್ಲ. ಮನೆಯ ವಿಷಯದಲ್ಲೂ ಅಷ್ಟೆ. ಗುರುಸಂಗಪ್ಪನ ಹತ್ತು ಗಂಟೆ ಎಂದರೆ ರೋಣದ ಹನ್ನೆರಡೂವರೆ ಎಂದು ಬೀಗರು ನಗುತ್ತಿದ್ದರು, ಅವನೂ ಜೊತೆಗೆ ನಗುತ್ತಿದ್ದ. ಇವತ್ತು ಮಾತ್ರ ಯಾರೂ ನಗುವ ಹಾಗಾಗಬಾರದು. ಅಕ್ಕ ಇಳಿಯುವ ಹೊತ್ತಿಗೆ ತಾನಲ್ಲಿ ನಿಂತಿರಬೇಕು. ಅವಳು ಹೊರಗೆ ಬಂದು ಅತ್ತಿತ್ತ ನೋಡುವ ಪ್ರಸಂಗವೇ ಬರಬಾರದು.

ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಹೊನ್ನವ್ವ ದಿಲ್ಲಿಯಿಂದ ಫೋನು ಮಾಡಿದ್ದಳು. ಗಜೇಂದ್ರಗಡದ ನೇಕಾರರ ಸೊಸೈಟಿಯವರು ಅವಳನ್ನು ಇನ್ನೂ ನಾಲ್ಕು ಜನರ ಜೊತೆ ಕೈಮಗ್ಗದ ಮೇಳಕ್ಕೆ ಕರೆದೊಯ್ದಿದ್ದರು. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತಿ ಹೋಗಿ, ಒಂಬತ್ತು ದಿನ ಜನರೆದುರು ಕುಳಿತು ನೇಯ್ದು ತೋರಿಸಿದ್ದಳಂತೆ. ಉಳಿದವರು ಹಾಗೇ ಕಾಶಿಗೆ ಹೋಗುವವರಿದ್ದರು, ಇವಳು ಒಲ್ಲೆನೆಂದು ಒಬ್ಬಳೇ ಹೊರಟಿದ್ದಳು. "ಗುರ್ಯಾ, ಈಗ ಹೊಂಟೀನಿ. ಮೂರೂ ಹತ್ತಕ್ಕ ಇಳೀತೀನಿ. ಕರಿಯಾಕ ಬರತೀಯೇನು?" ಅಷ್ಟೇ ಮಾತು. ಹಿಂದೆ ಗಾಡಿಗಳ ಗದ್ದಲ, ಯಾರೋ ಹಿಂದಿಯಲ್ಲಿ ಅವಸರ ಮಾಡುತ್ತಿದ್ದರು. ಎಲ್ಲಿಗೆ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದು ನಿಂತಿತ್ತು. ಆದರೆ ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಅವ್ವ ಇದ್ದಾಗ ಯಾರಾದರೂ ಹಾಗೆ ಕೇಳಿದರೆ, ಹೊರಟವರು ಹೊಳ್ಳಿ ಒಳಗೆ ಬಂದು, ಚಪ್ಪಲಿ ಬಿಟ್ಟು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕಿತ್ತು. ಕೇಳಿದವನಿಗೆ ಇಡೀ ದಿನ ಬೈಗಳು. 'ದೂರ ಹೊಂಟೀರೇನು' ಎನ್ನಬೇಕು, ಹೇಳುವವರು ತಾವಾಗಿ ಹೇಳುತ್ತಾರೆ. ಹೊನ್ನವ್ವನೂ ಅದೇ ಅವ್ವನ ಮಗಳು. ಅದೂ ಆಕಾಶದಲ್ಲಿ ಹೋಗುವವಳನ್ನು ಎಲ್ಲಿಗೆ ಎಂದು ಕೇಳುವುದುಂಟೆ? "ಬರತೀನಿ ಅಕ್ಕಾ, ಮೂರಕ್ಕ ಅಲ್ಲೇ ಇರತೀನಿ" ಎಂದಿದ್ದ. ಮೂವತ್ತೊಂದು ವರ್ಷದ ಮೇಲೆ ಅಕ್ಕ ಅವನನ್ನು ಒಂದು ಮಾತು ಕೇಳಿದ್ದಳು. ನಡುವೆ ಅವಳ ಮನೆಗೆ ನಳ ಬಂತು, ಕರೆಂಟು ಬಂತು, ಒಂದು ಸಲ ಕಾಲು ಮುರಿಯಿತು. ಯಾವುದಕ್ಕೂ ತಮ್ಮನನ್ನು ಕರೆದಿರಲಿಲ್ಲ. ಹಬ್ಬಕ್ಕೆ ಹೋದರೆ ನಗುತ್ತಲೇ ಊಟಕ್ಕೆ ಬಡಿಸುತ್ತಿದ್ದಳು, ಕಳಿಸುವಾಗ ಅವನ ಹೆಂಡತಿಗೆ ಒಂದು ಕುಪ್ಪಸದ ಖಣ ಕೊಡುತ್ತಿದ್ದಳು. ಆ ನಗು ಅವನಿಗೆ ಬೈಗಳಿಗಿಂತ ಕಷ್ಟವಾಗಿತ್ತು.

ಗಾಡಿ ಹನ್ನೊಂದೂವರೆಗೇ ಬಂತು. ದಿಲಾವರ ಇಪ್ಪತ್ತು ವರ್ಷದಿಂದ ಬಾಡಿಗೆ ಗಾಡಿ ಓಡಿಸುತ್ತಿದ್ದವನು, ಅವಸರವೆಂಬುದೇ ಅವನ ಜಾತಕದಲ್ಲಿರಲಿಲ್ಲ. "ಕಾಕಾ, ಹಿಂದ ಆರಾಮ ಕುಂದರ್ರಿ. ಹುಬ್ಬಳ್ಳಿ ಎರಡು ತಾಸಿನ ಹಾದಿ, ನಮ್ಮ ಕೈಯಾಗ ಮೂರೂವರಿ ತಾಸು ಅದಾವು" ಎಂದ. ಗುರುಸಂಗಪ್ಪ ಹಿಂದೆ ಕೂರದೆ ಮುಂದೆಯೇ ಕುಳಿತ. ರೋಣ ದಾಟಿದ ಮೇಲೆ ಎರಡೂ ಬದಿಗೆ ಎರೆಹೊಲ, ಕಡಲೆ ಒಣಗಲು ಹತ್ತಿತ್ತು, ಅಲ್ಲಲ್ಲಿ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಮೂರೂವರೆ ತಾಸು. ಎರಡು ತಾಸಿನ ದಾರಿಗೆ ಮೂರೂವರೆ ತಾಸು ಇಟ್ಟುಕೊಂಡು ಹೊರಟದ್ದು ಅವನ ಬದುಕಿನಲ್ಲಿ ಇದೇ ಮೊದಲು. ಇಲ್ಲ, ಮೊದಲಲ್ಲ, ಮೂವತ್ತೊಂದು ವರ್ಷದ ಹಿಂದೆ ಅವತ್ತೂ ಹಾಗೇ ಹೊರಟಿದ್ದ. ಗದಗಿಗೆ ಹೋಗಲು ಆರೂವರೆಯ ಮೊದಲ ಬಸ್ಸು ಹಿಡಿದಿದ್ದ. ಹೊಸ ನೀಲಿ ಅಂಗಿ ಹಾಕಿಕೊಂಡಿದ್ದ. ಅವ್ವ ಬಾಗಿಲಲ್ಲಿ ನಿಂತು ಎಲ್ಲಿಗೆ ಎಂದು ಕೇಳಲಿಲ್ಲ, ಕಣ್ಣೀರು ಹಾಕಿಕೊಂಡು ಒಳಗೆ ಹೋದಳು. ಕಿಸೆಯಲ್ಲಿ ಅಕ್ಕನ ಪತ್ರವಿತ್ತು. ಲಕ್ಷ್ಮೇಶ್ವರದ ಗಂಡನ ಮನೆಯನ್ನು ಬಿಟ್ಟು ಬರುತ್ತೇನೆ, ಇನ್ನು ಅಲ್ಲಿ ಬಾಳಲಾರೆ, ಸೋಮವಾರ ಹತ್ತು ಗಂಟೆಗೆ ಗದಗಿನ ಬಸ್‌ಸ್ಟ್ಯಾಂಡಿನಲ್ಲಿರುತ್ತೇನೆ, ನೀನೊಬ್ಬ ಬಂದು ಕರೆದುಕೊಂಡು ಹೋಗು ಎಂದು ಪೆನ್ಸಿಲಿನಲ್ಲಿ ಬರೆದಿದ್ದಳು.

"ಹಿಂಗ ಕಾಲು ಅಲುಗಾಡಸಬ್ಯಾಡ್ರಿ ಕಾಕಾ, ಗಾಡಿಗೂ ಸಂಕಟ ಆಗತೈತಿ" ಎಂದು ದಿಲಾವರ ನಕ್ಕ. ಗುರುಸಂಗಪ್ಪ ಮೊಣಕಾಲ ಮೇಲೆ ಕೈ ಇಟ್ಟು ಒತ್ತಿ ಹಿಡಿದ. ನರಗುಂದದ ಗುಡ್ಡ ಕಂಡಾಗ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ದಿಲಾವರ ಪೇಟೆಯ ಅಂಚಿನ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಊಟ ಮುಗಿಸೋಣ ಎಂದ. ಬೇಡವೆಂದರೂ ಕೇಳಲಿಲ್ಲ. "ಅಲ್ಲಿ ಹೋಗಿ ಎರಡು ತಾಸು ಏನು ನೊಣ ಹೊಡಿಯೂದ್ರಿ? ವಿಮಾನ ಇಳಿಯೂದು ಬ್ಯಾರೆ, ಮಂದಿ ಹೊರಗ ಬರೂದು ಬ್ಯಾರೆ. ಇಳಿದ ಮ್ಯಾಲೂ ಚೀಲ ಬಂದು ಕೈಗೆ ಸಿಗಬೇಕು, ಅರ್ಧ ತಾಸು ಹಿಡೀರಿ. ಮೂರೂ ಹತ್ತಕ್ಕ ಇಳದ್ರ ಮೂರೂ ನಲವತ್ತು. ನಾ ಎಷ್ಟು ಮಂದೀನ್ನ ಕರಕೊಂಡು ಬಂದಿಲ್ಲ!" ಹೀಗೆನ್ನುತ್ತಲೇ ರೊಟ್ಟಿ ಮುರಿಯುತ್ತ ಎಡಗೈಯಲ್ಲಿ ಮೊಬೈಲು ತೆಗೆದು ವಿಮಾನ ಎಲ್ಲಿಯವರೆಗೆ ಬಂತು ನೋಡತೊಡಗಿದ. ನೋಡಿದ, ಮತ್ತೊಮ್ಮೆ ನೋಡಿದ. ರೊಟ್ಟಿ ತಟ್ಟೆಯಲ್ಲಿಟ್ಟ.

"ಕಾಕಾ, ದಿಲ್ಲಿಯಿಂದ ಹುಬ್ಬಳ್ಳಿಗೆ ಮೂರೂ ಹತ್ತಕ್ಕ ಯಾವ ವಿಮಾನಾನೂ ಇಲ್ಲಲ್ರಿ."

"ಇರತೈತಿ, ಚೆಂದಂಗ ನೋಡು."

"ಇಲ್ರಿ. ಮೂರೂ ಹತ್ತಕ್ಕ ಇರೂದು ಬೆಳಗಾವಿಗೆ. ಅವರು ಎಲ್ಲಿಗೆ ಇಳೀತೀನಿ ಅಂದ್ರು?"

ಗುರುಸಂಗಪ್ಪ ಕಿಸೆಯಿಂದ ಫೋನು ತೆಗೆದ. ಹೋಗುವಾಗ ಸೊಸೈಟಿಯವರು ಹುಬ್ಬಳ್ಳಿಯಿಂದಲೇ ಹೋಗಿದ್ದರು. ಹೊರಟಲ್ಲಿಗೇ ಹೊಳ್ಳಿ ಬರುತ್ತಾರೆಂದು ಅವನು ತಿಳಿದಿದ್ದ. ತಿಳಿದೂ ಇರಲಿಲ್ಲ, ಆ ವಿಚಾರವೇ ಬಂದಿರಲಿಲ್ಲ. ಅಕ್ಕನಿಗೆ ಫೋನು ಮಾಡಿದರೆ ಅದು ಬಂದ್ ಇತ್ತು, ಅವಳು ಆಗಲೇ ಮೇಲಿದ್ದಳು. ಗಜೇಂದ್ರಗಡಕ್ಕೆ ಕಾಶೀಂಬಿಗೆ ಮಾಡಿದ. ಕಾಶೀಂಬಿ ಅಕ್ಕನ ಪಕ್ಕದ ಮನೆಯವಳು, ಅವಳ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಿಕೊಡುವವಳು, ಅಕ್ಕನ ಮನಸ್ಸಿನಲ್ಲಿರುವುದೆಲ್ಲ ಅಕ್ಕನಿಗಿಂತ ಮೊದಲೇ ಬಲ್ಲವಳು. "ಹೌದ್ರಿ ಅಣ್ಣಾರ, ಬೆಳಗಾವಿ. ಹುಬ್ಬಳ್ಳೀದು ಸಿಗಲಿಲ್ಲಂತ ಸೊಸೈಟಿಯವರು ಬೆಳಗಾವಿದು ತಗಸ್ಯಾರ. ನಿಮಗ ಹೇಳಿಲ್ಲೇನು? ನೀವರ ಕೇಳಬಾರದೇನ್ರಿ?" ಎಂದಳು. "ಹೊಂಟು ನಿಂತಾಕಿನ್ನ ಎಲ್ಲಿಗೆ ಅಂತ ಹ್ಯಾಂಗ ಕೇಳೂದವಾ" ಎಂದು ಅವನು ಅಂದ. ಆಮೇಲೆ ಕಾಶೀಂಬಿ ನಕ್ಕ ನಗು ಫೋನಿನಿಂದ ಹೊರಗೆ ಚೆಲ್ಲಿ ಪಕ್ಕದ ಮೇಜಿನವರೂ ತಿರುಗಿ ನೋಡಿದರು. "ಯಾ ಅಲ್ಲಾ! ಹೊಂಟಾಕಿನ್ನ ಕೇಳಬಾರದು ಖರೇ, ಮನಿಗೆ ಬರಾಕಿನ್ನೂ ಕೇಳಬಾರದೇನ್ರಿ?" ಅರವತ್ತೊಂದು ವರ್ಷದ ಗಂಡಸು, ಕಚೇರಿಯಲ್ಲಿ ಒಂದು ಅರ್ಜಿಗೆ ಹತ್ತು ಪ್ರಶ್ನೆ ಕೇಳಿದವನು, ಕೇಳಬೇಕಾದ ಒಂದನ್ನು ಕೇಳಿರಲಿಲ್ಲ.

ದಿಲಾವರ ಕೈ ತೊಳೆದೇ ಇರಲಿಲ್ಲ, ಗಾಡಿ ಹೊರಡಿಸಿದ್ದ. ಹನ್ನೆರಡೂ ಐವತ್ತು. ಸವದತ್ತಿ, ಯರಗಟ್ಟಿ, ನೇಸರಗಿ, ಆಮೇಲೆ ಸಾಂಬ್ರಾ. ವಿಮಾನ ನಿಲ್ದಾಣ ಬೆಳಗಾವಿ ಊರಿಗಿಂತ ಈಚೆಗೇ ಇರುವುದು ಪುಣ್ಯ ಎಂದ. "ಎರಡೂಕಾಲು, ಎರಡೂವರಿ ತಾಸು. ಸುಮ್ನ ಕುಂದರ್ರಿ, ನನಗ ಮಾತಾಡಸಬ್ಯಾಡ್ರಿ." ಅವಸರವೇ ಇಲ್ಲದ ಆ ಮನುಷ್ಯ ಈಗ ಸ್ಟೇರಿಂಗಿನ ಮೇಲೆ ಬಾಗಿ, ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತ ಹೋಗುತ್ತಿದ್ದ. ಗುರುಸಂಗಪ್ಪ ಗಡಿಯಾರ ನೋಡದಿರಲು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಆದರೆ ಗಾಡಿಯ ಮುಂದಿನ ಹಲಗೆಯಲ್ಲೂ ಒಂದು ಗಡಿಯಾರ ಹಸಿರಾಗಿ ಮಿಣುಕುತ್ತಿತ್ತು. ಅವಳಿಗೆ ಓದಲು ಬರುವುದು ಕನ್ನಡ ಅಷ್ಟೆ. ಹೊರಗೆ ಬಂದು ನಿಲ್ಲುತ್ತಾಳೆ. ಬಾಡಿಗೆ ಗಾಡಿಯವರು ಮುತ್ತುತ್ತಾರೆ. ಯಾರನ್ನೂ ಕೇಳುವುದಿಲ್ಲ, ಅವಳ ಸ್ವಭಾವವೇ ಅದು. ಗಂಟಿನ ಮೇಲೆ ಕುಳಿತುಬಿಡುತ್ತಾಳೆ. ಅವತ್ತು ಹಸಿರು ಟ್ರಂಕಿನ ಮೇಲೆ ಕುಳಿತ ಹಾಗೆ.

ಟ್ರಂಕಿನ ಮೇಲೆ ಅವಳು ಹೇಗೆ ಕುಳಿತಿದ್ದಳೆಂದು ಅವನಿಗೆ ಗೊತ್ತಿತ್ತು. ಯಾಕೆಂದರೆ ನೋಡುತ್ತಿದ್ದ. ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ, ಅವ್ವ ಸಾಯುವಾಗ ಹೇಳಬೇಕೆಂದು ಹೋಗಿ ಹೇಳಿರಲಿಲ್ಲ. ಬಸ್ಸು ಅವತ್ತು ಕೆಟ್ಟಿರಲಿಲ್ಲ. ಒಂಬತ್ತಕ್ಕೆ ಮುಂಚೆಯೇ ಗದಗಿನಲ್ಲಿಳಿದು, ಹತ್ತರ ತನಕ ಹೊತ್ತು ಕಳೆಯಲು ಎದುರಿನ ಚಹಾದಂಗಡಿಯಲ್ಲಿ ಒಂದು ಕಂಬದ ಬದಿಗೆ ಕುಳಿತಿದ್ದ. ಹತ್ತಕ್ಕೆ ಅಕ್ಕ ಬಂದಳು. ಟ್ರಂಕು ಇಳಿಸಿ ಅದರ ಮೇಲೆ ಕುಳಿತಳು. ಏಳಬೇಕೆಂದುಕೊಂಡ. ಏಳಲಿಲ್ಲ. ಕೆಲಸ ಸಿಕ್ಕು ಎಂಟು ತಿಂಗಳಾಗಿತ್ತು, ಮನೆಯಲ್ಲಿ ಹೆಂಡತಿ ಬಸುರಿ, ಗಂಡನನ್ನು ಬಿಟ್ಟ ಅಕ್ಕನನ್ನು ಮನೆಯಲ್ಲಿಟ್ಟುಕೊಂಡರೆ ಓಣಿಯವರು ಏನೆನ್ನುತ್ತಾರೆ, ಬೀಗರು ಏನೆನ್ನುತ್ತಾರೆ. ಇವೆಲ್ಲ ಆಮೇಲೆ ಕಟ್ಟಿಕೊಂಡ ಕಾರಣಗಳು. ಆ ಕ್ಷಣ ಇದ್ದದ್ದು ಒಂದೇ: ಲಕ್ಷ್ಮೇಶ್ವರದ ಬಸ್ಸು ಬಂದು ಅವಳೆದುರಿಗೇ ನಿಂತಿತ್ತು, ಅವಳು ಬೇಸತ್ತು ಅದನ್ನು ಹತ್ತಿಬಿಟ್ಟರೆ ತಾನು ಏನೂ ಮಾಡದೆ ಎಲ್ಲ ಸರಿಯಾಗುತ್ತದೆ ಎಂಬ ಆಸೆ. ಬಸ್ಸು ಹೋಯಿತು, ಅವಳು ಹತ್ತಲಿಲ್ಲ. ಇನ್ನೊಂದು ಬಂತು. ನಾಲ್ಕು ಗಂಟೆಯವರೆಗೆ ಲಕ್ಷ್ಮೇಶ್ವರದ ಏಳು ಬಸ್ಸು ಬಂದು ಹೋದವು. ಏಳು ಸಲವೂ ಅವನು ಉಸಿರು ಹಿಡಿದು ಕುಳಿತ, ಏಳು ಸಲವೂ ತನ್ನ ಒಡಹುಟ್ಟಿದವಳನ್ನು ಮನಸ್ಸಿನಲ್ಲೇ ಆ ಬಸ್ಸಿಗೆ ದಬ್ಬಿದ. ಕಡೆಗೆ ಎದ್ದು ಹೋಗಿ ದಾರಿಯಲ್ಲಿ ಬಸ್ಸು ಕೆಟ್ಟಿತ್ತು ಎಂದ. ಅವಳು, "ಇರಲಿ ಬಿಡು. ಊಟ ಮಾಡೀಯೇನು?" ಎಂದಳು. ಮೂರೇ ತಿಂಗಳು ಅವನ ಮನೆಯಲ್ಲಿದ್ದು, ಗಜೇಂದ್ರಗಡಕ್ಕೆ ಹೋಗಿ ಮಗ್ಗ ಕಲಿತು ತನ್ನ ಕಾಲ ಮೇಲೆ ನಿಂತಳು.

"ಕಾಕಾ, ಈಟು ನೀರು ಕುಡೀರಿ" ಎಂದು ದಿಲಾವರ ಬಾಟಲಿ ಚಾಚಿದ. ಯರಗಟ್ಟಿ ದಾಟಿದ್ದರು. ಗುರುಸಂಗಪ್ಪನ ಮುಖದಲ್ಲಿ ಅವನಿಗೆ ಏನು ಕಂಡಿತೋ, ಇನ್ನಷ್ಟು ಜೋರಾಗಿ ಓಡಿಸಿದ. ನೇಸರಗಿಯ ಆಚೆ ಮೊಬೈಲು ನೋಡಿ ನಾಲಿಗೆ ಕಚ್ಚಿಕೊಂಡ. ವಿಮಾನ ಹದಿನೈದು ನಿಮಿಷ ಮೊದಲೇ ಇಳಿದುಬಿಟ್ಟಿತ್ತು. ಎರಡೂ ಐವತ್ತೈದು. ಇನ್ನೂ ಇಪ್ಪತ್ತೈದು ನಿಮಿಷದ ದಾರಿ. "ಚೀಲ ಬರಬೇಕ್ರಿ, ಚೀಲ ಬರಬೇಕು" ಎಂದು ದಿಲಾವರ ತನಗೆ ತಾನೇ ಹೇಳಿಕೊಳ್ಳತೊಡಗಿದ. ಅಕ್ಕನ ಚೀಲ ತಡವಾಗಲಿ ಎಂದು ಗುರುಸಂಗಪ್ಪ ಬೇಡಿಕೊಂಡ. ಎಲ್ಲರ ಚೀಲ ಬಂದು ಅವಳದೊಂದು ಕಡೆಗೆ ಬರಲಿ. ಹೀಗೆ ಬೇಡಿಕೊಳ್ಳುವಾಗ, ಈಗಲೂ ಅವಳಿಗೆ ತೊಂದರೆಯಾಗಲಿ ಎಂದೇ ತಾನು ಬೇಡುತ್ತಿದ್ದೇನೆ ಎನ್ನಿಸಿ ನಾಚಿಕೆಯಾಯಿತು. ಆದರೂ ಬೇಡುವುದನ್ನು ಬಿಡಲಿಲ್ಲ.

ಮೂರೂ ಇಪ್ಪತ್ತೆರಡಕ್ಕೆ ಗಾಡಿ ನಿಲ್ಲುವ ಮೊದಲೇ ಅವನು ಬಾಗಿಲು ತೆಗೆದು ಇಳಿದ. ಬೂಟು ಕಚ್ಚುವ ಕಾಲಿನಲ್ಲೇ ಕುಂಟುತ್ತ ಓಡಿದ. ಹೊರಗೆ ಸಣ್ಣ ಗುಂಪು. ಗಾಲಿಯ ಪೆಟ್ಟಿಗೆ ಎಳೆದುಕೊಂಡು ಜನ ಆಗಲೇ ಬರುತ್ತಿದ್ದರು, ಒಬ್ಬ ಮುದುಕನನ್ನು ಯಾರೋ ತಬ್ಬಿಕೊಂಡಿದ್ದರು. ಅಕ್ಕ ಇರಲಿಲ್ಲ. ಬೆಂಚುಗಳ ಮೇಲೆ ನೋಡಿದ, ಗಿಡದ ಬುಡದಲ್ಲಿ ನೋಡಿದ, ಬಾಡಿಗೆ ಗಾಡಿಗಳ ಸಾಲಿನ ನಡುವೆ ನೋಡಿದ. ಹೋಗಿಬಿಟ್ಟಳು ಎಂದುಕೊಂಡ. ಸುಮ್ಮನೆ ಯಾವುದೋ ಗಾಡಿ ಹತ್ತಿ, ಯಾರಿಗೂ ಒಂದು ಮಾತು ಹೇಳದೆ ಹೋಗಿಬಿಟ್ಟಳು, ಇನ್ನು ಹಬ್ಬಕ್ಕೆ ಹೋದರೆ ನಗುತ್ತ ಬಡಿಸುತ್ತಾಳೆ, ಖಣ ಕೊಡುತ್ತಾಳೆ, ಸಾಯುವ ತನಕ ಏನನ್ನೂ ಕೇಳುವುದಿಲ್ಲ. ಒಂದು ಕಂಬ ಹಿಡಿದು ನಿಂತ. ಆಗ ಗಾಜಿನ ಆಚೆ ಕಂಡಳು. ಹೆಗಲ ತುಂಬ ಸೆರಗು ಹೊದ್ದು, ಚೀಲಗಳು ತಿರುಗುವ ಪಟ್ಟಿಯ ಬದಿಗೆ ಒಬ್ಬಳೇ ನಿಂತಿದ್ದಳು. ಉಳಿದವರೆಲ್ಲ ಹೋಗಿಯಾಗಿತ್ತು. ಮೇಳದಲ್ಲಿ ಮಾರಿ ಉಳಿದ ಸೀರೆಗಳ ದೊಡ್ಡ ಗಂಟು ಕಡೆಯದಾಗಿ ಬರುತ್ತಿತ್ತು, ಅವಳು ಅದರ ಜೊತೆ ನಾಲ್ಕು ಹೆಜ್ಜೆ ನಡೆದು ಎಳೆಯಲು ನೋಡಿದಳು, ಕೈ ತಪ್ಪಿತು, ಗಂಟು ಇನ್ನೊಂದು ಸುತ್ತು ಹೋಯಿತು.

ಅವನು ನೋಡುತ್ತ ನಿಂತ. ಹಾಗೆ ನಿಂತಾಗಲೇ ತನ್ನ ಕಾಲು ಕಂಬದ ಹಿಂದೆ ಸರಿದಿರುವುದು ಗಮನಕ್ಕೆ ಬಂತು. ಯಾರೂ ಹೇಳಿರಲಿಲ್ಲ, ಮರೆಯಾಗಬೇಕಾದ ಕಾರಣವೂ ಇರಲಿಲ್ಲ, ಕಾಲು ತಾನಾಗಿ ಸರಿದಿತ್ತು. ಅವನಿಗೆ ತನ್ನ ಮೇಲೆ ಇಂಥ ಹೇಸಿಗೆ ಎಂದೂ ಆಗಿರಲಿಲ್ಲ. 'ಥೂ' ಎಂದು ಗಟ್ಟಿಯಾಗಿ ಅಂದುಬಿಟ್ಟ. ಪಕ್ಕದ ಹೆಂಗಸು ದೂರ ಸರಿದಳು. ಎಲ್ಲರನ್ನೂ ತಳ್ಳಿಕೊಂಡು ಕಟಕಟೆಯ ತೀರ ಮುಂದಕ್ಕೆ ಹೋಗಿ, ಎರಡೂ ಕೈ ಮೇಲೆತ್ತಿ, "ಅಕ್ಕಾ! ಅಕ್ಕಾ! ಇಲ್ಲೇ ಅದೀನಿ!" ಎಂದು ಕೂಗಿದ. ಬಾಗಿಲ ಪೊಲೀಸಿನವನು ಗದರಿದ. ಗಾಜಿನೊಳಗೆ ಕೇಳಿಸುವಂತಿರಲಿಲ್ಲ. ಆದರೂ ಕೂಗುತ್ತಲೇ ಇದ್ದ. ಗಾಜಿನ ಬಾಗಿಲು ಸರಿದು ಹೊನ್ನವ್ವ ಗಂಟು ಹೇರಿದ ಕೈಗಾಡಿ ತಳ್ಳಿಕೊಂಡು ಹೊರಗೆ ಬಂದಾಗಲೂ ಅವನ ಕೈ ಮೇಲೆಯೇ ಇದ್ದವು.

"ಕೈ ಇಳಸೋ, ಮಂದಿ ನೋಡಾಕತ್ತಾರ" ಎಂದಳು. "ಯಾವಾಗ ಬಂದಿ?"

"ಆಗಲೇ ಬಂದೀನಿ. ನೀ ಹೊರಗ ಬರೂಕಿಂತ ಮೊದಲ ಬಂದೀನಿ. ಬೇಕಾರ ದಿಲಾವರನ್ನ ಕೇಳು." ಸಣ್ಣ ಹುಡುಗನಂತೆ ಹೇಳಿದ. ದಿಲಾವರ ಹಿಂದಿನಿಂದ ಬಂದು "ಹೌದ್ರಿ ಅಮ್ಮಾರ" ಎಂದ.

"ಅವನ್ನ ಯಾಕ ಕೇಳಲಿ" ಎಂದಳು ಹೊನ್ನವ್ವ. "ಆವತ್ತೂ ನೀ ಮೊದಲ ಬಂದಿದ್ದಿ."

ಯಾವತ್ತು ಎಂದು ಅವನು ಕೇಳಲಿಲ್ಲ. ದಿಲಾವರ ಏನೋ ತಿಳಿದವನಂತೆ ಗಾಡಿ ಹತ್ತಿರ ತರುತ್ತೇನೆಂದು ಹೊರಟುಹೋದ.

"ನೀ ನನ್ನ ನೋಡಿದ್ದೇನಕ್ಕಾ?"

"ನೋಡದಿರಾಕ ನನಗ ಕಣ್ಣಿರಲಿಲ್ಲೇನು? ನೀಲಿ ಅಂಗಿ ತೊಟ್ಟು ಕಂಬದ ಬಾಜೂಕ ಕುಂತಿದ್ದಿ. ಮಾರಿ ಮುಚ್ಚಿದ್ದಿ, ಮೊಣಕಾಲು ಎರಡೂ ಹೊರಗ. ಹಿಂದಿನ ದಿನದಿಂದ ನನ್ನ ಹೊಟ್ಯಾಗ ಅನ್ನ ಇರಲಿಲ್ಲ. ಅಲ್ಲೇ ಕುಂತು ಒಂದು ಕಪ್ಪು ಚಹಾ ಸೈತ ಕಳಸಲಿಲ್ಲ ನೋಡು, ಖೋಡಿ." ಅವಳ ದನಿಯಲ್ಲಿ ಸಿಟ್ಟಿತ್ತು. ಮೂವತ್ತೊಂದು ವರ್ಷಕ್ಕೆ ಮೊದಲ ಸಲ ಅವಳು ಅವನನ್ನು ಬೈದಿದ್ದಳು, ಆ ಬೈಗಳು ಬಿದ್ದ ಕೂಡಲೇ ಅವನೂ ಬಾಯಿ ಬಿಟ್ಟ.

"ಮತ್ಯಾಕ ಕರೀಲಿಲ್ಲಕ್ಕಾ? ನಾ ಅಲ್ಲಿ ಕುಂತು ನೀ ಹೊಳ್ಳಿ ಹೋಗಲಿ ಅಂತ..."

"ಗೊತ್ತೈತಿ. ಬಸ್ಸು ಕೆಟ್ಟಿತ್ತು ಅಂದಾಗ ನಿನ್ನ ಮಾರಿ ನೋಡಿದ್ರ ತಿಳೀತಿರಲಿಲ್ಲೇನು? ಕರದಿದ್ರ ನೀ ಅಂಜಿ ಓಡಿ ಹೋಗತಿದ್ದಿ. ನನಗೂ ಅಂಜಿಕಿ ಇತ್ತು. ಒಬ್ಬಾಕಿ ಹೆಂಗ ಬಾಳೂದು ಅಂತ ಕೈಕಾಲು ಥಣ್ಣಗಾಗಿದ್ವು. ಆವಾಗ ಮನಸಿನ್ಯಾಗ ಒಂದು ಮಾತು ಮಾಡಕೊಂಡ್ನಿ. ಇಂವ ಎದ್ದು ರೋಣದ ಬಸ್ ಹತ್ತಿದ್ರ ನಾನೂ ಎದ್ದು ಲಕ್ಷ್ಮೇಶ್ವರದ ಬಸ್ ಹತ್ತೂದು, ಅಲ್ಲೇ ಸಾಯೂದು. ರೋಣದ ಬಸ್ ಎಷ್ಟು ಬಂದ್ವು, ಎಷ್ಟು ಹೋದ್ವು. ಒಂದೊಂದು ಬಂದಾಗೂ ನಿನ್ನ ನೋಡತಿದ್ನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀ ಏಳಲಿಲ್ಲ, ಗುರ್ಯಾ. ಸಂಜಿತನಕ ಏಳಲಿಲ್ಲ. ಅದಕ್ಕ ನಾನೂ ಏಳಲಿಲ್ಲ."

ರೋಣದ ಬಸ್ಸುಗಳು. ಅವನು ಅವನ್ನು ಎಣಿಸಿಯೇ ಇರಲಿಲ್ಲ. ಲಕ್ಷ್ಮೇಶ್ವರದ ಏಳು ಬಸ್ಸುಗಳು ಇಷ್ಟು ವರ್ಷ ಅವನ ತಲೆಯಲ್ಲಿ ಓಡಾಡುತ್ತಿದ್ದವು. ಆದರೆ ಊರಿಗೆ ಹೋಗುವ ಬಸ್ಸು ಅರ್ಧ ಗಂಟೆಗೊಂದು ಬಂದು ತನ್ನ ಕಣ್ಣೆದುರಿಗೇ ನಿಂತು ಹೋಗುತ್ತಿದ್ದುದು, ಅದನ್ನು ಹತ್ತುವ ವಿಚಾರ ಒಮ್ಮೆಯೂ ತನಗೆ ಬಾರದಿದ್ದುದು ಈಗ ಮೊದಲ ಸಲ ಹೊಳೆಯಿತು. ಅಲ್ಲಿ ಕಂಬದ ಬದಿಗೆ ಕುಳಿತಿದ್ದ ಆ ಹೇಡಿಯ ಜೊತೆಗೆ, ಅಕ್ಕನನ್ನು ಬಿಟ್ಟು ಹೋಗಲು ಮನಸ್ಸಾಗದವನೊಬ್ಬನೂ ಅಲ್ಲೇ, ಅದೇ ಅಂಗಿಯಲ್ಲೇ ಕುಳಿತಿದ್ದ. ಗುರುಸಂಗಪ್ಪ ಅತ್ತ. ಜನ ನೋಡುತ್ತಿದ್ದರು, ಪೊಲೀಸಿನವನೂ ನೋಡುತ್ತಿದ್ದ, ನೋಡಲಿ ಎನ್ನಿಸಿತು. ಸಂತೋಷಕ್ಕೆ ಅಳುತ್ತಿದ್ದೇನೋ ನಾಚಿಕೆಗೋ ತಿಳಿಯಲಿಲ್ಲ. ಹಗುರವಾಗಿದ್ದಂತೂ ಖರೆ.

"ಸಾಕು ಬಿಡು, ಉಳಿದದ್ದು ಗಾಡ್ಯಾಗ ಅಳುವಂತಿ. ಗಂಟು ಹಿಡಿ, ಭಾಳ ವಜ್ಜಿ ಐತಿ" ಎಂದಳು ಹೊನ್ನವ್ವ. ಅವನು ಬಾಗಿ ಎತ್ತಿದ. ನಿಜಕ್ಕೂ ಭಾರವಾಗಿತ್ತು. ದಿಲಾವರ ಓಡಿಬಂದು ಕೈ ಚಾಚಿದರೂ ಅವನು ಕೊಡಲಿಲ್ಲ.